ಆರು ತಿಂಗಳ ಹೆಸರು

ನನ್ನ ತಾಯಿಗೆ ಒಂಬತ್ತು ವರ್ಷದಲ್ಲಿ ಹದಿನೆಂಟು ಹೆಸರಾದವು. ಹುಟ್ಟಿದಾಗ ಅವಳಿಗಿಟ್ಟದ್ದು ಸರ್ವರಬೇಗಂ. ಈ ಹದಿನೆಂಟನ್ನೂ ಇಟ್ಟದ್ದು ಕಾರ್ಖಾನೆ.

ಯಾವ ಕಾರ್ಖಾನೆ ಅಂತ ನಾನು ಬರೆಯುವುದಿಲ್ಲ. ಬರೆದರೆ ಮಾನನಷ್ಟದ ನೋಟೀಸು ಬರುತ್ತದೆ. ಚಿತ್ತಾಪುರದಿಂದ ಸೇಡಂ ಕಡೆ ಹೋಗುವ ರೈಲುಹಾದಿಯ ಮಗ್ಗುಲಿಗೆ ಒಂದು ಸಿಮೆಂಟ್ ಕಾರ್ಖಾನೆ ಅಂದರೆ ಸಾಕು. ನನ್ನ ತಂದೆ, ಅಬ್ಬಾ, ಭಂಕೂರದ ಕಲ್ಲಿನ ಖಣಿಯಲ್ಲಿ ಸತ್ತ ಮೇಲೆ ಅಮ್ಮಿ ಇಲ್ಲಿ ಗುತ್ತೇದಾರನ ಕಡೆಯ ಕೂಲಿಗೆ ಸೇರಿದಳು. ಸುಟ್ಟ ಸುಣ್ಣಕಲ್ಲಿನ ಉಂಡೆಗಳನ್ನು ಹೊತ್ತು ರಬ್ಬರಿನ ಬೆಲ್ಟೊಂದು ಗಿರಣಿಗೆ ಏರುತ್ತದೆ. ಅದರಿಂದ ಉದುರಿದ್ದನ್ನು ಬಳಿದು, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ತಿರುಗಿ ಬೆಲ್ಟಿಗೆ ಸುರಿಯಬೇಕು. ಉಂಡೆ ಬಿಸಿ ಇರುತ್ತದೆ. ಬಿಸಿ ಬುಟ್ಟಿಯ ತಳ ದಾಟಿ ನೆತ್ತಿಗೆ ಇಳಿಯುತ್ತದೆ. ಅಮ್ಮಿಯ ನಡುನೆತ್ತಿಯಲ್ಲಿ ಕೂದಲಿಲ್ಲ. ಮಧ್ಯಾಹ್ನದ ಮೇಲೆ ಹಳೇ ಗೋಣಿಚೀಲ ಝಾಡಿಸುವ ಕೆಲಸ. ಮನೆಗೆ ಬಂದು ಕೆಮ್ಮಿ ಉಗುಳಿದರೆ ಉಗುಳು ಬೂದಿಬಣ್ಣ.

ಜನವರಿ ಒಂದಕ್ಕೆ, ಜುಲೈ ಒಂದಕ್ಕೆ ಹಾಜರಿ ಪುಸ್ತಕ ಹೊಸದಾಗುತ್ತಿತ್ತು. ಅದೇ ಮೂವತ್ತೆರಡು ಹೆಂಗಸರು, ಅದೇ ಬುಟ್ಟಿ, ಅದೇ ಬೆಲ್ಟು. ಹೆಸರು ಮಾತ್ರ ಬೇರೆ. ಗುತ್ತೇದಾರನ ಮುಕಾದಮ ಬಾಬುಮಿಯಾ ಗೇಟಿನಲ್ಲಿ ನಿಂತು ಹಂಚುತ್ತಿದ್ದ. “ನೀ ಇವತ್ತಿಂದ ಅಮೃತಮ್ಮ. ನೀ ಹಮೀದಾಬೇಗಂ. ನೀ ರತ್ನಾಬಾಯಿ.” ಸಾಬರ ಹೆಂಗಸು ಅಮೃತಮ್ಮ ಆಗುವಳು, ಲಂಬಾಣಿ ಹೆಂಗಸು ಹಮೀದಾ ಆಗುವಳು. ಬೆಳಿಗ್ಗೆ, ಸಂಜೆ ಆ ಹೆಸರು ಕೂಗಿದಾಗ “ಹಾಜರ್” ಅನ್ನಬೇಕು. ತಡವರಿಸಿದರೆ ಅಂದಿನ ದಿನ ಹೋಯಿತು. ಹೊಸಬರಿಗೆ ಹೆಸರು ರೂಢಿ ಮಾಡಿಸುವವಳು ನಮ್ಮ ಅಮ್ಮಿಯೇ. ಎಲೆ ಅಡಿಕೆ ಜಗಿಯುತ್ತ ಹಿಂದಿನಿಂದ ಬಂದು ತಟ್ಟನೆ ಕೂಗುವಳು. ತಿರುಗಿ ನೋಡಿದರೆ ಪಾಸು. ನೋಡದಿದ್ದರೆ ಬೆನ್ನಿಗೊಂದು ಗುದ್ದು. ಹೈಸ್ಕೂಲಿನಲ್ಲಿದ್ದಾಗ ನನಗೆ ಅದೊಂದು ಚೇಷ್ಟೆ. “ಅಮ್ಮಿ, ಇವತ್ತ ನಿನ್ನ ಹಸರೇನ?” ಅಂತ ಕೇಳಿ ನಗುತ್ತಿದ್ದೆ. ಯಾಕೆ ಹೀಗೆ ಅಂತ ಒಮ್ಮೆಯೂ ಕೇಳಲಿಲ್ಲ.

ಯಾಕೆ ಅಂತ ತಿಳಿದದ್ದು ಕಾಲೇಜಿನಲ್ಲಿ. ಎಂಬತ್ತನಾಲ್ಕನೇ ಇಸವಿ. ಬಿ.ಎ. ಮುಗಿಸಿ ಗುಲ್ಬರ್ಗಾದಲ್ಲಿ ಸಿಬ್ಬಂದಿ ನಿರ್ವಹಣೆಯ ಡಿಪ್ಲೊಮಾಕ್ಕೆ ಸೇರಿದ್ದೆ. ಬೆಳಗಿನ ಪ್ಯಾಸೆಂಜರ್ ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ, ಶಹಾಬಾದ ದಾಟಿ ಕಾಲೇಜು ಮುಟ್ಟುವ ಹೊತ್ತಿಗೆ ಮೊದಲ ಪಾಠ ಅರ್ಧ ಆಗಿರುತ್ತಿತ್ತು. ಇಪ್ಪತ್ತಾರು ಹುಡುಗರು, ನಾನೊಬ್ಬಳು. ನಾನು ಬಂದು ಕೂತರೆ ಮುಂದಿನವನು ಕರ್ಚೀಫಿನಿಂದ ಬೆಂಚು ಒರೆಸಿಕೊಳ್ಳುತ್ತಿದ್ದ. ನನ್ನ ದುಪಟ್ಟಾ ಝಾಡಿಸಿದರೆ ಸಿಮೆಂಟು ಉದುರುತ್ತದೆ ಅಂತ ಅವನ ಜೋಕು. ಉದುರುತ್ತಿತ್ತು ಅನ್ನುವುದೂ ನಿಜ.

ನಾಗೇಂದ್ರಪ್ಪ ಸರ್ ನಮ್ಮ ವಿಭಾಗದ ಮುಖ್ಯಸ್ಥರು. ಒಳ್ಳೆಯವರು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರ ಮೇಲೂ ನನಗೆ ಸಿಟ್ಟಿದೆ. “ಈಗ ಸಿಬ್ಬಂದಿ ಅನ್ನೋದು ಹಳೇ ಮಾತು. ಮಾನವ ಸಂಪನ್ಮೂಲ ಅನ್ನಬೇಕು. ಕಲ್ಲಿದ್ದಲು ಹೇಗೋ, ಕಬ್ಬಿಣ ಹೇಗೋ, ಮನುಷ್ಯನೂ ಹಾಗೆ ಒಂದು ಸಂಪತ್ತು” ಅಂತ ಬರೆಸಿದರು. ನಾವು ಬರೆದುಕೊಂಡೆವು. ಅದೇ ವಾರ ಕಾನೂನಿನ ಪಾಠದಲ್ಲಿ ಇನ್ನೊಂದು ಬರೆಸಿದರು. ಕೆಲಸಗಾರ ಒಂದು ವರ್ಷದೊಳಗೆ ಇನ್ನೂರಾ ನಲವತ್ತು ದಿನ ದುಡಿದರೆ ಅದು ನಿರಂತರ ಸೇವೆ. ಆಮೇಲೆ ಅವನನ್ನು ಬೇಕಾದಾಗ ಇಟ್ಟುಕೊಂಡು ಬೇಡವಾದಾಗ ಹೊರಗೆ ಹಾಕಲು ಬರುವುದಿಲ್ಲ.

ಪೆನ್ನು ನಿಂತಿತು. ಆರು ತಿಂಗಳಿಗೆ ಎಷ್ಟು ದಿನ? ವಾರದ ರಜೆ ತೆಗೆದರೆ ನೂರೈವತ್ತಾರು. ಅಮೃತಮ್ಮ ನೂರೈವತ್ತಾರು ದಿನ ದುಡಿದು ಮಾಯವಾಗುತ್ತಾಳೆ. ರತ್ನಾಬಾಯಿ ಹುಟ್ಟುತ್ತಾಳೆ. ಸರ್ವರಬೇಗಂ ಅನ್ನುವವಳು ಒಂಬತ್ತು ವರ್ಷದಲ್ಲಿ ಒಂದು ದಿನವೂ ದುಡಿದಿಲ್ಲ. ಎದ್ದು ನಿಂತೆ.

“ಸರ್, ಹೆಸರು ಬದಲಾದ್ರ?”

“ಮದುವಿ ಆದ ಮ್ಯಾಲ ಬದಲಾಗ್ತದಲ್ಲ!” ಅಂದ ಬೆಂಚು ಒರೆಸುವವನು. ತರಗತಿ ನಕ್ಕಿತು. ಸರ್ ಕೂಡ ಮುಗುಳ್ನಕ್ಕು, ಹಾಗಾದರೆ ಅಫಿಡವಿಟ್ ಮಾಡಿಸಬೇಕು ಅಂದರು. ನಾನು ಕೂತೆ. ಆ ದಿನ ಗಾಡಿಯಲ್ಲಿ ಕೂರಲು ಸೀಟಿದ್ದರೂ ಬಾಗಿಲಲ್ಲಿ ನಿಂತೇ ಬಂದೆ.

ಕೋರ್ಸಿನಲ್ಲಿ ಎರಡು ತಿಂಗಳು ಕಾರ್ಖಾನೆಯಲ್ಲಿ ತರಬೇತಿ ಪಡೆಯಬೇಕು. ಕೊನೆಗೆ ಅಲ್ಲಿಯ ಲೇಬರ್ ಆಫೀಸರ್ ಪ್ರಮಾಣಪತ್ರ ಕೊಡಬೇಕು. ಅದಿಲ್ಲದಿದ್ದರೆ ಡಿಪ್ಲೊಮಾ ಇಲ್ಲ. ನನಗೆ ಬಂದದ್ದು ಅಮ್ಮಿಯ ಕಾರ್ಖಾನೆ. ಆಫೀಸರ್ ಮೈಸೂರು ಕಡೆಯವರು, ಬಿಳಿ ಶರ್ಟು, ಮೃದು ಮಾತು. ಕೂಲಿಯವಳ ಮಗಳು ಅಂತ ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ ನಾಚಿಕೆ, ಬೇರೇನೂ ಅಲ್ಲ. ಬಾಬುಮಿಯಾನಿಗೆ ಗೊತ್ತಿತ್ತು. ಅವನು ನನ್ನನ್ನು ಕಂಡು ಮೀಸೆಯಲ್ಲಿ ನಕ್ಕು ಸುಮ್ಮನಾದ.

“ಅಕ್ಷರ ಮುತ್ತಿನ ಹಾಗಿದೆಯಲ್ಲಮ್ಮ ಮೆಹತಾಬ್” ಅಂದರು ಆಫೀಸರ್. “ಜುಲೈ ಹಾಜರಿ ಪುಸ್ತಕ ನೀನೇ ಬರಿ. ಚೆನ್ನಾಗಿ ಮಾಡಿದರೆ ಟೈಮ್ ಆಫೀಸಿನಲ್ಲಿ ಗುಮಾಸ್ತೆ ಕೆಲಸ ಖಾಲಿ ಇದೆ.”

ಬರೆದೆ. ಏನು ಬರೆಯುತ್ತಿದ್ದೇನೆ ಅಂತ ಚೆನ್ನಾಗಿ ಗೊತ್ತಿದ್ದೂ ಬರೆದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಬಾಬುಮಿಯಾ ಹೆಸರು ಹೇಳುತ್ತ ಹೋದ, ಹೆಂಗಸರು ಒಬ್ಬೊಬ್ಬರೇ ಮೇಜಿನ ಮುಂದೆ ಬಂದರು. ಚಿಂಚೋಳಿ ಕಡೆಯ ತಾಂಡಾದಿಂದ ಬಂದ ಸುಂದರಬಾಯಿ ಮಹಾದೇವಮ್ಮ ಆದಳು. ಬೀಳುವ ಹಲ್ಲು ತೋರಿಸಿ ನನ್ನನ್ನು ನೋಡಿ ನಕ್ಕಳು. “ನಮ್ಮ ಹುಡಿಗಿ ಕುರ್ಚಿ ಮ್ಯಾಲ ಕುಂತದ ನೋಡ್ರೆ” ಅಂತ ಹಿಂದಿನವರಿಗೆ ಹೇಳಹೋದಳು. ಅಮ್ಮಿ ಅವಳ ಸೀರೆ ಜಗ್ಗಿ ಬಾಯಿ ಮುಚ್ಚಿಸಿದಳು.

ಆಮೇಲೆ ಅಮ್ಮಿಯ ಪಾಳಿ. ನನ್ನ ಗುರುತೇ ಇಲ್ಲದವಳಂತೆ ನೆಲ ನೋಡುತ್ತ ನಿಂತಳು. ನಾನು ರತ್ನಾಬಾಯಿ ಅಂತ ಬರೆದೆ. ಅವಳ ಹೆಬ್ಬೆಟ್ಟು ಹಿಡಿದು ಮಸಿಗೆ ಒತ್ತಿದೆ. ಕಾಗದದ ಮೇಲೆ ಬರೀ ಕಪ್ಪು ಮುದ್ದೆ ಮೂಡಿತು. ಸಿಮೆಂಟು ಆ ಬೆರಳಿನ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಮೂವತ್ತೆರಡು ಹೆಬ್ಬೆಟ್ಟೂ ಹಾಗೇ ಇದ್ದವು. ಯಾವುದು ಯಾರದು ಅಂತ ಖುದಾನಿಗೂ ಹೇಳಲು ಬರುವಂತಿರಲಿಲ್ಲ.

ಜುಲೈ ಹನ್ನೆರಡು, ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ ಬೆಲ್ಟಿನ ಕಡೆಯಿಂದ ಕೂಗು ಕೇಳಿತು. ಓಡಿದೆ. ಉರುಳೆಯ ಕೆಳಗಿನ ಪುಡಿ ಬಳಿಯುವಾಗ ಸುಂದರಬಾಯಿಯ ಬಲಗೈ ಸಿಕ್ಕಿತ್ತು. ಬೆಲ್ಟು ನಿಲ್ಲಿಸುವ ಗುಂಡಿ ಐವತ್ತು ಹೆಜ್ಜೆ ಆಚೆ, ಬೀಗ ಹಾಕಿದ ಕೋಣೆಯಲ್ಲಿತ್ತು. ಬೀಗ ತೆಗೆಯುವಷ್ಟರಲ್ಲಿ ಕೈ ಮಣಿಕಟ್ಟಿನಿಂದ ಕಿತ್ತು ಉಂಡೆಗಳ ಜೊತೆ ಮೇಲೆ ಹೋಗಿತ್ತು. ಅಮ್ಮಿ ತನ್ನ ಸೆರಗು ಹರಿದು ಕಟ್ಟಿದಳು. ನಾನು, ಅಮ್ಮಿ ಸೇರಿ ದವಾಖಾನೆಗೆ ಹೊತ್ತು ಓಡಿದೆವು. ಕಾರ್ಖಾನೆಯ ಕಂಪೌಂಡರ್ ಸೂಜಿ ಹಿಡಿಯುವ ಮೊದಲು ಪೆನ್ನು ಹಿಡಿದ.

“ಹೆಸರೇನು?”

“ಸುಂದರಬಾಯಿ” ಅಂದಳು ಅವಳು. ಎಚ್ಚರ ತಪ್ಪಿತು.

ಬಾಗಿಲಲ್ಲಿ ನಿಂತ ಹೆಂಗಸರು ಹಣೆ ಹಣೆ ಬಡಿದುಕೊಂಡರು. ಕೈ ಹೋದದ್ದಕ್ಕಿಂತ ಹೆಚ್ಚಾಗಿ ಬಡಿದುಕೊಂಡರು. “ಹಾಳಾದಾಕಿ, ಹಸರ ತಪ್ಪಿ ಹೇಳಿದಳಲ್ಲೇ!” ಅಂತ ಒಬ್ಬಳು ಅಳತೊಡಗಿದಳು. ತನ್ನ ಹೆಸರು ತಾನು ಹೇಳಿದ್ದು ತಪ್ಪು. ಆ ಕ್ಷಣ ನನಗೂ ಅದು ತಪ್ಪು ಅಂತಲೇ ಅನಿಸಿತು.

ಗುಲ್ಬರ್ಗಾದ ಸರ್ಕಾರಿ ದವಾಖಾನೆಗೆ ಅವಳನ್ನು ಲಾರಿಯಲ್ಲಿ ಕಳಿಸಿದರು. ಸಂಜೆ ಆರಕ್ಕೆ ಎಂದಿನಂತೆ ಹಾಜರಿ. ನಾನು ಬಾಬುಮಿಯಾನ ಪಕ್ಕದಲ್ಲೇ ನಿಂತಿದ್ದೆ. ಮಹಾದೇವಮ್ಮನ ಸಾಲನ್ನು ಅವನು ಕೊನೆಗೆ ಬಿಟ್ಟುಕೊಂಡ.

“ರತ್ನಾಬಾಯಿ.”

“ಹಾಜರ್” ಅಂದಳು ಅಮ್ಮಿ.

“ಮಹಾದೇವಮ್ಮ.”

ಬಾಬುಮಿಯಾ ಪುಸ್ತಕದಿಂದ ತಲೆಯೆತ್ತಿ ಅಮ್ಮಿಯನ್ನು ನೋಡಿದ.

“ಹಾಜರ್” ಅಂದಳು ಅಮ್ಮಿ ಮತ್ತೊಮ್ಮೆ.

ದಾರಿಯಲ್ಲಿ ನಾನು ಅವಳ ಮೇಲೆ ಏರಿ ಹೋದೆ. ಮನೆಯಲ್ಲಿ ನಮ್ಮದು ಉರ್ದು. ಆದರೆ ಸಿಟ್ಟು ಬಂದರೆ ಅಮ್ಮಿ ಕನ್ನಡಕ್ಕೇ ಬರುತ್ತಾಳೆ, ಬೈಗುಳ ಅದರಲ್ಲೇ ಚಲೋ ಕೂಡುತ್ತವೆ ಅಂತ.

“ಏನ್ ಮಾಡಬೇಕಿತ್ತ ನಾ? ಕಣ್ಣ ಮಾಡಿದ, ಅಂದೆ. ನೀ ಬರಿಲಿಲ್ಲೇನ? ಓದಿದಾಕಿ ನೀ. ನೀ ಬರೀತಿ, ನಾ ಅಂತೀನಿ. ನನ್ನ ಮ್ಯಾಲ ಯಾಕ ಒದರಲಿಕತ್ತಿ?”



ಮರುದಿನ ಆಫೀಸರ್ ಕರೆದರು. ಮುಖದಲ್ಲಿ ಗಾಬರಿ ಇಲ್ಲ, ದುಃಖ ಇಲ್ಲ. “ಸುಂದರಬಾಯಿ ಅನ್ನೋರು ನಮ್ಮ ಪುಸ್ತಕದಲ್ಲಿ ಇಲ್ಲ. ಯಾರೋ ಹೊರಗಿನ ಹೆಂಗಸು ಪುಡಿ ಕದಿಯೋಕೆ ಬಂದಿದ್ದಾಳೆ. ಹಾಜರಿ ಬರೆದವಳು ನೀನು, ನೀನೇ ಹಾಗಂತ ಒಂದು ವರದಿ ಬರೆದುಕೊಡು. ಸೋಮವಾರ ಸಾಕು. ಅದರ ಜೊತೆಗೇ ನಿನ್ನ ಪ್ರಮಾಣಪತ್ರಕ್ಕೆ ಸಹಿ ಮಾಡ್ತೀನಿ.”

ಶನಿವಾರ ಗುಲ್ಬರ್ಗಾಕ್ಕೆ ಹೋದೆ. ದವಾಖಾನೆಯ ವರಾಂಡದಲ್ಲಿ ನೆಲದ ಮೇಲೆ ಸುಂದರಬಾಯಿ ಮಲಗಿದ್ದಳು. ಗಂಡ ಅಯ್ಯಪ್ಪ ನೊಣ ಓಡಿಸುತ್ತ ಕೂತಿದ್ದ. ನನ್ನನ್ನು ಕಂಡು ಅವಳು ಏಳಲು ಹೋದಳು. ಬಲಗೈ ಊರಲು ಹೋಗಿ, ಕೈ ಇಲ್ಲದೆ ಪಕ್ಕಕ್ಕೆ ಬಿದ್ದಳು.

“ನಂದಽ ತಪ್ಪಾತವ್ವಾ” ಅಂದಳು. “ಸರ್ವರಕ್ಕ ಎಷ್ಟ ಸರ್ತಿ ಕಲಿಸಿದ್ದಳು. ಮಹಾದೇವಮ್ಮ, ಮಹಾದೇವಮ್ಮ ಅಂತ ಬೆನ್ನಿಗಿ ಗುದ್ದಿ ಕಲಿಸಿದ್ದಳು. ಬ್ಯಾನಿಗಿ ಮರತೆ. ಅಕಿಗಿ ಸಿಟ್ಟಾಗಬ್ಯಾಡ ಅಂತ ಹೇಳವ್ವಾ.”

ಕೈ ಕಳೆದುಕೊಂಡವಳು ಕ್ಷಮೆ ಕೇಳುತ್ತಿದ್ದಳು. ಬರೆದವಳು ನಾನು ಎರಡು ಕೈ ಕಟ್ಟಿಕೊಂಡು ನಿಂತಿದ್ದೆ. ನನ್ನ ಮೇಲೆ ನನಗೇ ಹೇಸಿಗೆ ಬಂತು. ಅಲ್ಲಿಂದ ನೇರ ನಾಗೇಂದ್ರಪ್ಪ ಸರ್ ಮನೆಗೆ ನಡೆದೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಅನ್ಯಾಯ ಖರೆ. ಆದ್ರ ಮೆಹತಾಬ್, ಮೊದಲ ಸರ್ಟಿಫಿಕೇಟ್ ಕೈಗಿ ಬರ್ಲಿ. ಹುದ್ದೆಗಿ ಕುಂದ್ರು. ಆಮ್ಯಾಲ ಒಳಗಿಂದ ಸುಧಾರಣೆ ಮಾಡು. ಇಲ್ಲಂದ್ರ ಮುಂದಿನ ವರ್ಷ ನಮ್ಮ ಹುಡುಗರನ್ನ ಆ ಕಾರ್ಖಾನಿ ತಗೊಳ್ಳಂಗಿಲ್ಲ.”

“ನಿಮ್ಮ ಹುಡುಗರು ಅಲ್ಲಿ ಹೋಗಿ ಏನ್ ಮಾಡ್ತಾರ್ರಿ ಸರ್? ನಾ ಬರದಂಗ ಬರೀತಾರ.”

ಸರ್ ಸಿಟ್ಟಾಗಲಿಲ್ಲ. ಚಹಾ ಕುಡಿದು ಹೋಗು ಅಂದರು. ನಾನು ಕುಡಿಯಲಿಲ್ಲ. ತಿರುಗಿ ದವಾಖಾನೆಗೆ ಬಂದು, ಮೆಟ್ಟಿಲ ಮೇಲೆ ಕೂತು, ನೋಟ್‌ಬುಕ್ಕಿನ ಹಾಳೆ ಹರಿದು ಬರೆದೆ. ಮೂವತ್ತೆರಡು ಹಾಜರಿ ಹೆಸರು, ಎದುರಿಗೆ ಮೂವತ್ತೆರಡು ನಿಜವಾದ ಹೆಸರು. ಒಂದಕ್ಕೂ ತಡವರಿಸಲಿಲ್ಲ, ಅವರೆಲ್ಲರ ಕೈತುತ್ತು ತಿಂದು ಬೆಳೆದವಳು ನಾನು. ಕೊನೆಗೆ ಬರೆದೆ: ಸುಳ್ಳು ಹೆಸರುಗಳನ್ನು ತಿಳಿದೂ ತಿಳಿದೂ ನನ್ನ ಕೈಯಿಂದಲೇ ಬರೆದಿದ್ದೇನೆ. ಸಹಿ ಹಾಕಿ ಅಯ್ಯಪ್ಪನ ಕೈಗೆ ಕೊಟ್ಟೆ. ಕಾರ್ಮಿಕ ಇಲಾಖೆಯ ಕಚೇರಿ ಯಾವ ಓಣಿಯಲ್ಲಿದೆ ಅಂತ ಹೇಳಿದೆ.

ಸೋಮವಾರ ಆಫೀಸರ್ ಮುಂದೆ ಖಾಲಿ ಕೈಯಲ್ಲಿ ನಿಂತೆ. “ನಾನು ಬರೆಯುವುದಿಲ್ಲ ಸರ್. ಮಹಾದೇವಮ್ಮ ಅಂತ ನಾನು ಬರೆದವಳೇ ಸುಂದರಬಾಯಿ. ಹಾಗಂತ ಬರೆದುಕೊಟ್ಟಿದ್ದೇನೆ.”

ಮೃದು ಮಾತು ಅಲ್ಲಿಗೆ ಮುಗಿಯಿತು. ಅವರ ಬೈಗುಳದಲ್ಲಿ ನನ್ನ ಜಾತಿ ಬಂತು, ಕುಲ ಬಂತು. ಬಾಬುಮಿಯಾ ಬಾಗಿ ಅವರ ಕಿವಿಯಲ್ಲಿ ಏನೋ ಹೇಳಿದ. ಆಫೀಸರ್ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. “ಓಹೋ, ರತ್ನಾಬಾಯಿ ಮಗಳೋ” ಅಂದರು. ನಾನು ಹೊರಗೆ ಬಿದ್ದೆ.

ಅಮ್ಮಿಯನ್ನು ಅವರು ತೆಗೆಯಲಿಲ್ಲ. ಅವಳಿಲ್ಲದಿದ್ದರೆ ಲೆಕ್ಕ ತಪ್ಪುತ್ತಿತ್ತು. ಅಯ್ಯಪ್ಪ ನನ್ನ ಹಾಳೆ ಮುಟ್ಟಿಸಿದ್ದ, ಹತ್ತು ದಿನಕ್ಕೆ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ತನಿಖೆಗೆ ಬರುವುದಿತ್ತು, ಆ ದಿನ ಮೂವತ್ತೆರಡು ಬಾಯಿ ಬೇಕಿತ್ತು. ಆ ಹತ್ತು ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನೀರು ತರಲು ಹೋಗಿ ಬರಿಗೊಡ ತಂದೆ. ಓಣಿಯ ಹೆಂಗಸರು ನನ್ನನ್ನು ಕಂಡರೆ ಬಾಗಿಲು ಮುಂದೆ ಮಾಡಿದರು. ಅಮ್ಮಿ ನನ್ನ ಜೊತೆ ಮಾತು ಬಿಟ್ಟಳು. ಒಂದೇ ಸಲ ಆಡಿದಳು. “ಮೂವತ್ತೆರಡ ಮಂದಿ ಹೊಟ್ಟಿ ಮ್ಯಾಲ ಹೊಡದಿ. ನಿನ್ನ ಓದಸಲಿಕ್ಕೇ ಇಷ್ಟ ಬುಟ್ಟಿ ಹೊತ್ತೀನಿ. ನೆತ್ತಿ ನೋಡಽ.” ತಲೆಯ ಸೆರಗು ಜಾರಿಸಿ ತೋರಿಸಿದಳು.

ಇನ್ಸ್‌ಪೆಕ್ಟರ್ ಬರುವ ಹಿಂದಿನ ಸಂಜೆ ಬಾಬುಮಿಯಾ ಮನೆಗೆ ಬಂದ. ಹೊರಸಿನ ಮೇಲೆ ಕೂತ. ಅಂಗಿಯ ಜೇಬಿನಿಂದ ನನ್ನ ಪ್ರಮಾಣಪತ್ರ ತೆಗೆದು ಅಮ್ಮಿಯ ಮುಂದೆ ಹರವಿದ. ಟೈಪಾಗಿತ್ತು, ಸಹಿಯ ಜಾಗ ಖಾಲಿ ಇತ್ತು.

“ಆಪಾ, ನಾಳಿ ಇನ್ಸ್‌ಪೆಕ್ಟರ್ ಮುಂದ ಹಾಜರಿ ಕೂಗ್ತೀನಿ. ನೀ ಬರೇ ಹಾಜರ್ ಅನ್ನು. ಒಂದ ಮಾತು. ಸಾಹೇಬರು ಅಲ್ಲೇ ಸಹಿ ಹೊಡೀತಾರ. ಒಂದನೇ ತಾರೀಖಿನಿಂದ ಹುಡಿಗಿ ಫ್ಯಾನಿನ ಕೆಳಗ ಕುಂದ್ರತದ. ಇಲ್ಲಂದ್ರ ಅಕಿ ಮ್ಯಾಲ ಕೇಸ್ ಅದ. ಸುಳ್ಳ ಬರದಾಕಿ ಅಕೀನೇ ಅಂತ ಅಕೀನೇ ಬರಕೊಟ್ಟಾಳ.”

“ಮಹಾದೇವಮ್ಮ?” ಅಂದೆ ನಾನು. “ಅಕಿ ಎಲ್ಲಿಂದ ಬರ್ತಾಳ?”

“ತೆಂಗಳಿಯಿಂದ ಒಬ್ಬಾಕಿಗಿ ಕರಕೊಂಡ ಬಂದೀವಿ” ಅಂದ. ಅದರಲ್ಲೇನು ವಿಶೇಷ ಅನ್ನುವ ಹಾಗೆ ಅಂದ.

ಅವನು ಹೋದ ಮೇಲೆ ಅಮ್ಮಿ ಆ ಕಾಗದವನ್ನೇ ನೋಡುತ್ತ ಕೂತಳು. ಓದಲು ಬಾರದು, ಆದರೂ ನೋಡಿದಳು. ನನ್ನ ಹೆಸರು ಎಲ್ಲಿದೆ ಅಂತ ಕೇಳಿದಳು. ತೋರಿಸಿದೆ. ಅದರ ಮೇಲೆ ಬೆರಳು ಆಡಿಸಿದಳು. ಆಗ ನಾನು ಇಷ್ಟು ದಿನ ನುಂಗಿಕೊಂಡದ್ದನ್ನು ಹೇಳಿದೆ.

“ಸುಂದರಿ ನಿನಗ ಹೇಳಂದಾಳ. ಸರ್ವರಕ್ಕ ಅಷ್ಟ ಕಲಿಸಿದ್ರೂ ಮರತೆ, ಸಿಟ್ಟಾಗಬ್ಯಾಡ ಅಂದಾಳ.”

ಅಮ್ಮಿ ಎದ್ದು ಒಳಗೆ ಹೋದಳು. ಅಳುತ್ತಿದ್ದಳೋ ಕೆಮ್ಮುತ್ತಿದ್ದಳೋ ತಿಳಿಯಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಗೇಟಿನ ಮುಂದೆ ಮೇಜು, ಮೂರು ಕುರ್ಚಿ. ಇನ್ಸ್‌ಪೆಕ್ಟರ್‌ಗೆ ಎಳನೀರು. ಪಕ್ಕದಲ್ಲಿ ಆಫೀಸರ್. ನನಗೆ ಒಳಗೆ ಬರಲು ಬಿಡಲಿಲ್ಲ, ತಂತಿಬೇಲಿಯ ಹೊರಗೆ ನಿಂತೆ. ಅಯ್ಯಪ್ಪನೂ ಅಲ್ಲೇ ನಿಂತಿದ್ದ, ಸುಂದರಬಾಯಿ ಇನ್ನೂ ದವಾಖಾನೆಯಲ್ಲಿದ್ದಳು. ಬಾಬುಮಿಯಾ ಅಮ್ಮಿಯ ಕೈಯಿಂದ ಪ್ರಮಾಣಪತ್ರ ತಿರುಗಿ ಇಸಿದುಕೊಂಡು ಜೇಬಿಗೆ ಹಾಕಿದ. ಹೆಂಗಸರು ಬುಟ್ಟಿ ಹಿಡಿದು ಸಾಲಾಗಿ ನಿಂತರು. ತೆಂಗಳಿಯ ಹೊಸಬಳು ಅಮ್ಮಿಯ ಮುಂದೆಯೇ ಇದ್ದಳು. ಬಾಬುಮಿಯಾ ನಾನು ಬರೆದ ಪುಸ್ತಕ ತೆಗೆದು ಕೂಗತೊಡಗಿದ. ಹಾಜರ್. ಹಾಜರ್. ಹಾಜರ್. ಯಾರೂ ತಪ್ಪಲಿಲ್ಲ. ಅಮ್ಮಿ ಅಷ್ಟು ಚೆನ್ನಾಗಿ ಕಲಿಸಿದ್ದಳು.

“ಮಹಾದೇವಮ್ಮ.”

“ಹಾಜರ್” ಅಂದಳು ಹೊಸಬಳು. ಎರಡೂ ಕೈ ಜೋಡಿಸಿ ಇನ್ಸ್‌ಪೆಕ್ಟರ್‌ಗೆ ನಮಸ್ಕಾರ ಮಾಡಿದಳು. ಆಫೀಸರ್ ಕಾಲ ಮೇಲೆ ಕಾಲು ಹಾಕಿಕೊಂಡರು.

“ರತ್ನಾಬಾಯಿ.”

ಅಮ್ಮಿ ಸುಮ್ಮನೆ ನಿಂತಳು.

“ರತ್ನಾಬಾಯಿ!”

ಹೆಂಗಸರು ತಿರುಗಿ ನೋಡಿದರು. ಬಾಬುಮಿಯಾ ಜೇಬು ಮುಟ್ಟಿಕೊಂಡು ತೋರಿಸಿದ. ಅಮ್ಮಿ ತಂತಿಬೇಲಿಯ ಕಡೆಗೆ, ನನ್ನ ಕಡೆಗೆ ಒಂದು ಸಲ ನೋಡಿದಳು. ನನ್ನ ಡಿಪ್ಲೊಮಾ, ಕುರ್ಚಿ, ಫ್ಯಾನು ಎಲ್ಲ ಅವಳ ಬಾಯಲ್ಲಿತ್ತು. ಬೇಡ ಅನ್ನಲೂ ಆಗಲಿಲ್ಲ, ಅನ್ನು ಅನ್ನಲೂ ಆಗಲಿಲ್ಲ ನನಗೆ.

“ಏ ಆಪಾ, ಕಿವಿ ಕೇಳಸಂಗಿಲ್ಲೇನ? ರತ್ನಾಬಾಯಿ!”

“ಅಕಿ ಇಲ್ಲ” ಅಂದಳು ಅಮ್ಮಿ. “ಎಂದೂ ಇದ್ದಿಲ್ಲ. ನಾ ಸರ್ವರಬೇಗಂ.”

ಆಫೀಸರ್ ಎದ್ದರು. “ಆ ಹೆಸರಿನವರು ಯಾರೂ ಪುಸ್ತಕದಲ್ಲಿಲ್ಲ. ಹೊರಗೆ ಹಾಕ್ರೀ ಅವಳನ್ನ!”

ವಾಚ್‌ಮನ್ ಅಮ್ಮಿಯ ರಟ್ಟೆ ಹಿಡಿದ. ಅವಳು ಕೊಸರಿಕೊಂಡು ಮೇಜಿನ ಮುಂದೆ ಬಂದಳು. ಬುಟ್ಟಿಯನ್ನು ಇನ್ಸ್‌ಪೆಕ್ಟರ್‌ನ ಕಾಗದಗಳ ಮೇಲೆ ಬೋರಲು ಹಾಕಿದಳು. ತೆಂಗಳಿಯ ಹೆಂಗಸಿನ ಎರಡೂ ಕೈ ಹಿಡಿದು ಅವನ ಮತ್ತು ಆಫೀಸರ್ ಅವರ ಕಣ್ಣೆದುರು ಎತ್ತಿದಳು.

“ನೋಡ್ರಿ ಸಾಹೇಬ, ನಿಮ್ಮ ಮಹಾದೇವಮ್ಮನ ಎರಡೂ ಕೈ ಅವ. ಸುಂದರಿ ಕೈ ನಿಮ್ಮ ಗಿರಣಿಯಾಗ ಅದ. ಅದು ಇನ್ನಾ ಹೊರಗ ಬಂದಿಲ್ಲ. ನನಗ ಆಮ್ಯಾಲ ಹೊರಗ ಹಾಕ್ರಿ. ಮೊದಲ ಹೇಳ್ರಿ, ಆ ಕೈಗಿ ಯಾವ ಹಸರ ಬರದೀರಿ?”